ಮಾಸಿದ ಹಳದಿ ಚೌಕ

ಗಿರಿ ಬಾಡಿಗೆ ಮನೆ ಹುಡುಕಿಕೊಂಡು ಹುಣಸಮಾರನಹಳ್ಳಿಗೆ ಬಂದದ್ದು ಒಂದು ಭಾನುವಾರದ ಬೆಳಿಗ್ಗೆ. ಯಲಹಂಕದ ಕಾಲೇಜೊಂದರಲ್ಲಿ ಅವನಿಗೆ ಆಗಷ್ಟೇ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಊರು ಗೌರಿಬಿದನೂರಿನ ಆಚೆಯ ಹಳ್ಳಿ. ಮನೆತನದಲ್ಲಿ ಡಿಗ್ರಿ ಮುಗಿಸಿದವನು ಅವನೊಬ್ಬನೇ. ಬಾಡಿಗೆ ಕೊಡುವವರು ಕೇಳಿದರೂ ಕೇಳಬಹುದೆಂದು ಸರ್ಟಿಫಿಕೇಟುಗಳ ಜೆರಾಕ್ಸ್ ಕೂಡ ಕವರಿನಲ್ಲಿ ಇಟ್ಟುಕೊಂಡು ಬಂದಿದ್ದ.

ಯಾರೂ ಅದನ್ನು ಕೇಳಲಿಲ್ಲ. ಗೇಟಿನ ಒಳಗೆ, ಜಗಲಿಯ ಮೇಲೆ, ಅರವತ್ತು ದಾಟಿದ ಒಬ್ಬರು ಲುಂಗಿ ಬನಿಯನ್ನಿನಲ್ಲಿ ಕುಳಿತಿದ್ದರು. ಎದುರಿಗೆ ಮಡಿಸಿದ ಹಳೆಯ ಟವೆಲ್, ಟವೆಲ್ಲಿನ ಮೇಲೆ ಮೂರು ಹಳೆಯ ಕ್ಯಾಮೆರಾ. ಹೆಸರು ಮುನಿರಾಜು. ಗಿರಿ ನಮಸ್ಕಾರ ಹೇಳುವ ಮೊದಲೇ ಅವರು ಒಂದನ್ನು ಎತ್ತಿ ಅವನ ಕೈಗೆ ಕೊಟ್ಟರು. ಅಷ್ಟು ಚಿಕ್ಕ ವಸ್ತು ಅಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಇಂಗೆ ಕಣ್ಣಿಗೆ ಇಟ್ಕೊಳಿ. ಎದುರಿಗೆ ನೀರಿನ ಟ್ಯಾಂಕಿನ ಪೈಪು ಐತಲ್ಲ, ಅದು ಒಂದು ಕಾಣ್ತದಾ, ಎರಡು ಕಾಣ್ತದಾ?"

ಗಿರಿ ನೋಡಿದ. ಕಿಂಡಿಯ ನಟ್ಟನಡುವೆ ಸಣ್ಣದೊಂದು ಹಳದಿ ಚೌಕ. ಆ ಚೌಕದೊಳಗೆ ಮಾತ್ರ ಪೈಪು ಎರಡಾಗಿತ್ತು, ಒಂದು ಗಟ್ಟಿ, ಒಂದು ನೆರಳಿನಂತೆ.

"ಎರಡು ಸಾರ್."

"ಮುಂದಿನ ಉಂಗುರ ತಿರುಗಿಸಿ. ಎರಡೂ ಒಂದಾದಾಗ ನಿಲ್ಲಿಸಿ."

ತಿರುಗಿಸಿದ. ನೆರಳು ಸರಿದು ಬಂದು ಪೈಪಿನ ಮೇಲೆ ಕುಳಿತುಕೊಂಡಿತು. "ಒಂದಾಯ್ತು."

"ಚೌಕ ಚೆನ್ನಾಗಿ ಕಾಣ್ತದಾ?"

"ತುಂಬ ಚೆನ್ನಾಗಿ ಕಾಣ್ತಿದೆ."

ಮುನಿರಾಜು ಕ್ಯಾಮೆರಾ ವಾಪಸ್ ತೆಗೆದುಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಎಳೇ ಕಣ್ಣು ನಿಮ್ದು, ಮಾಸಿದ್ದೂ ಕಾಣ್ತದೆ ಬಿಡಿ," ಎಂದರು.

ಒಳಗಿನಿಂದ ಅವರ ಹೆಂಡತಿ ಜ್ಯೋತಿಲಕ್ಷ್ಮಿಯ ದನಿ ಬಂತು: "ಬಾಡಿಗೆಗೆ ಬಂದೋರಿಗೆ ಮನೆ ತೋರಿಸ್ರೀ, ಪೈಪು ತೋರಿಸ್ಬೇಡಿ."

ಮೇಲಿನ ಕೋಣೆ ಗಿರಿಗೆ ಸಿಕ್ಕಿತು. ಭಾನುವಾರಗಳಲ್ಲಿ ಜಗಲಿಯೂ ಸಿಕ್ಕಿತು.

ಮುನಿರಾಜು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ರಿಟೈರ್ ಆದವರು. ಅಪ್ಪನ ರಾಗಿ ಹೊಲ ಏರ್‌ಪೋರ್ಟ್ ರಸ್ತೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ಕಟ್ಟಿದ ಈ ಮನೆಯ ಬಾಡಿಗೆಯಲ್ಲಿ ಜೀವನ. ಮದುವೆಯ ವರ್ಷ ಕೊಂಡ ಯಾಶಿಕಾ ಅವರ ಮೊದಲ ಕ್ಯಾಮೆರಾ. ಅದರಲ್ಲಿ ತೆಗೆದ ಜ್ಯೋತಿಲಕ್ಷ್ಮಿಯ ಫೋಟೋ ನಡುಮನೆಯಲ್ಲಿ ಇತ್ತು, ಮೂಗುತಿಯ ಕಲ್ಲೂ ಎಣಿಸುವಷ್ಟು ಸ್ಪಷ್ಟವಾಗಿ. ಅಂಥದ್ದೇ ಇನ್ನೊಂದು ಫೋಟೋ ತೆಗೆಯಬೇಕು, ಅದೂ ಫಿಲ್ಮಿನಲ್ಲೇ, ಎರಡನ್ನೂ ಅಕ್ಕಪಕ್ಕ ತೂಗುಹಾಕಬೇಕು ಎಂಬುದು ಅವರ ಆಸೆ. ಅದಕ್ಕೆ ಸರಿಯಾದ ಕ್ಯಾಮೆರಾ ಒಂದನ್ನು ಆರಿಸಿ, ಉಳಿದದ್ದನ್ನೆಲ್ಲ ಕೊಟ್ಟುಬಿಡುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದರು.

ಬೀರು ತುಂಬ ಕ್ಯಾಮೆರಾ ಸೇರಿದರೂ ಆ ಆರಿಸುವಿಕೆಯೇ ಮುಗಿಯುತ್ತಿರಲಿಲ್ಲ. ಯಾಶಿಕಾದ ಲೆನ್ಸ್ ಚೆನ್ನ, ಆದರೆ ಚೌಕ ಮಾಸಿದೆ. ಕ್ಯಾನನೆಟ್ ಕೈಗೆ ಹಗುರ, ಅದರದ್ದೂ ಮಾಸಿದೆ. ರಷ್ಯಾದ ಜೋರ್ಕಿಯಲ್ಲಿ ಕನ್ನಡಕದ ಪವರ್ ಬದಲಿಸಿದಂತೆ ಹೊಂದಿಸಿಕೊಳ್ಳುವ ಪುಟ್ಟ ಲಿವರ್ ಇದೆ, ಅದನ್ನು ಎತ್ತ ತಿರುಗಿಸಿದರೂ ಅಷ್ಟೇ. ಇಂಥ ಕ್ಯಾಮೆರಾಗಳ ಒಳಗೆ ಅರೆಪಾರದರ್ಶಕ ಕನ್ನಡಿಯೊಂದಿದೆ, ವಯಸ್ಸಾದಂತೆ ಅದರ ಲೇಪ ಹೋಗಿ ಚೌಕ ಮಂಕಾಗುತ್ತದೆ. ಹಾಗೆ ನಿಜವಾಗಿಯೂ ಮಂಕಾದ ಕ್ಯಾಮೆರಾಗಳನ್ನು ಮುನಿರಾಜು ಬೇಕಾದಷ್ಟು ಕಂಡಿದ್ದರು. ಚೌಕ ಎದ್ದು ಕಾಣಲೆಂದು ಕಿಂಡಿಯ ಹೊರಗಾಜಿನ ನಡುವೆ ಕಪ್ಪು ಟೇಪಿನ ಚೂರು ಅಂಟಿಸುವುದು ಈ ಹವ್ಯಾಸದವರ ಹಳೆಯ ಉಪಾಯ. ಅವರ ಬೀರುವಿನ ಪ್ರತಿ ಕ್ಯಾಮೆರಾಗೂ, ದೃಷ್ಟಿಬೊಟ್ಟಿನ ಹಾಗೆ, ಒಂದು ಕಪ್ಪು ಚೂರು ಇತ್ತು.

ಹೊಸ ಕ್ಯಾಮೆರಾವೊಂದು ಮನೆಗೆ ಬಂದಾಗಲೆಲ್ಲ ಮೊದಮೊದಲು ಜ್ಯೋತಿಲಕ್ಷ್ಮಿ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕೂರುತ್ತಿದ್ದರಂತೆ. ಗಿರಿ ಬರುವ ಹೊತ್ತಿಗೆ ಅದನ್ನು ಬಿಟ್ಟಿದ್ದರು. "ಒಂದನ್ನ ಎರಡು ಮಾಡೋದು, ಎರಡನ್ನ ಒಂದು ಮಾಡೋದು. ಇದಕ್ಕೆ ಇಷ್ಟೊಂದು ಡಬ್ಬ," ಎನ್ನುತ್ತಿದ್ದರು.

"ಅಣ್ಣ, ಟೇಪ್ ಹಿಡಿದು ದೂರ ಅಳೆದು, ಉಂಗುರದಲ್ಲಿ ಅಷ್ಟೇ ಅಡಿ ಇಟ್ಟು ತೆಗೆದ್ರೆ ಆಗಲ್ವಾ?" ಎಂದು ಗಿರಿ ಒಮ್ಮೆ ಕೇಳಿದ.

"ಅಳತೆ ಹಿಡಿಯೋಕೆ ನಾನೇನ್ ಸೈಟ್ ಮಾರ್ತಿದೀನಾ ಮೇಷ್ಟ್ರೇ? ನೋಡಿ ತೆಗೀಬೇಕು. ನಮ್ಮಾಕೆ ಮುಖ ಕಣೋ ಅದು," ಎಂದರು ಮುನಿರಾಜು, ಬಹುವಚನ ತಪ್ಪಿದ್ದು ಗೊತ್ತಾಗದೆ.

ಕೊನೆಗೆ ಅವರು ಇಂಥ ಕ್ಯಾಮೆರಾಗಳಲ್ಲೇ ಮೇಲೆನಿಸಿಕೊಂಡ ಜರ್ಮನಿಯ ಲೈಕಾ ತರುವುದೆಂದು ನಿಶ್ಚಯಿಸಿದರು. ಆರ್.ಟಿ. ನಗರದಲ್ಲಿ ಮುಸರ್ರತ್ ಎಂಬಾಕೆಯ ಅಂಗಡಿ ಇತ್ತು. ಗಂಡನಿದ್ದಾಗ ಇಬ್ಬರೂ ಸೇರಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು, ಈಗ ಆಕೆ ಒಬ್ಬಳೇ. ಯಾಶಿಕಾ, ಕ್ಯಾನನೆಟ್, ಜೋರ್ಕಿ ಮೂರನ್ನು ಬಿಟ್ಟು ಬೀರುವಿನಲ್ಲಿದ್ದ ಮಿಕ್ಕದ್ದನ್ನೆಲ್ಲ ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿ, ಮುನಿರಾಜು ಲೈಕಾ ಹಿಡಿದುಕೊಂಡು ಬಂದರು. ಆ ದಿನ ಯಾರೂ ಹೇಳದೆಯೇ ಜ್ಯೋತಿಲಕ್ಷ್ಮಿ ಸೀರೆ ಬದಲಿಸಿ, ತಲೆಗೆ ಹೂ ಮುಡಿದು ಕುಳಿತರು. ಮುನಿರಾಜು ಕ್ಯಾಮೆರಾ ಕಣ್ಣಿಗಿಟ್ಟರು. ಉಂಗುರ ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಹೂವಿನ ಮೇಲೆ ಬಿಸಿಲು ಬಂತು.

"ಇದೂ ಮಾಸೈತೆ," ಎಂದರು.

ಗಿರಿ ತೆಗೆದುಕೊಂಡು ನೋಡಿದ. ಅವನು ಅದುವರೆಗೆ ಕಂಡ ಯಾವ ಚೌಕವೂ ಅಷ್ಟು ಬೆಳಗುತ್ತಿರಲಿಲ್ಲ. ಅದರೊಳಗೆ ಜ್ಯೋತಿಲಕ್ಷ್ಮಿಯ ಮೂಗುತಿ ಎರಡಾಗಿ, ಒಂದಾಯಿತು. ಅವನು ಕ್ಯಾಮೆರಾ ಇಳಿಸಿದ. "ಅಣ್ಣ, ಅಂಗಡೀಗೇ ಹೋಗಿ ತೋರಿಸೋಣ," ಎಂದಷ್ಟೇ ಹೇಳಿದ.

ಮುಸರ್ರತ್ ಮೇಲಿನ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಮತ್ತೆ ಮುಚ್ಚಿದಳು. "ಕನ್ನಡಿ ಹೊಸದರ ಥರಾ ಇದೆ ಅಣ್ಣಾ. ನೀವು ಯಾವಾಗ್ಲೂ ಬಲಗಣ್ಣಲ್ಲೇ ನೋಡೋದಾ?"

"ಮತ್ತೆ? ಮೂವತ್ತೈದು ವರ್ಷದಿಂದ."

"ಒಂದ್ಸಲ ಎಡಗಣ್ಣಲ್ಲಿ ನೋಡಿ."

ಮುನಿರಾಜು ನಕ್ಕರು. ಕ್ಯಾಮೆರಾವನ್ನು ಎಡಗಣ್ಣಿಗೆ ಸರಿಸಿ, ಬೀದಿಯ ಕರೆಂಟ್ ಕಂಬದ ಕಡೆ ಹಿಡಿದರು. ನಗು ಹಾಗೇ ಇತ್ತು, ಆಮೇಲೆ ಇರಲಿಲ್ಲ. ಅವರು ಕ್ಯಾಮೆರಾ ಕೆಳಗಿಟ್ಟು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮುಸರ್ರತ್‌ಳ ಮುಖವನ್ನು ನೋಡಿದರು, ಆಮೇಲೆ ಗಿರಿಯ ಮುಖವನ್ನು. "ಮೇಷ್ಟ್ರೇ, ನಿಮ್ ಮೂಗು ಇಲ್ಲ," ಎಂದರು.

ಬರಿಗಣ್ಣಿನಲ್ಲಿ ಎಡಗಣ್ಣು ಎರಡರ ಕೆಲಸವನ್ನೂ ಮಾಡುತ್ತಿತ್ತು. ಬಲಗಣ್ಣು ಒಂಟಿಯಾಗಿ ದುಡಿಯುತ್ತಿದ್ದದ್ದು ಕ್ಯಾಮೆರಾದ ಕಿಂಡಿಯಲ್ಲಿ ಮಾತ್ರ. ತನಗೆ ಕಾಣುತ್ತಿಲ್ಲವೆಂದು ಅಲ್ಲಿ ಅದು ವರ್ಷಗಳಿಂದ ಹೇಳುತ್ತಲೇ ಇತ್ತು. ಮುನಿರಾಜು ಕನ್ನಡಿಯನ್ನು ಬೈಯುತ್ತ, ಟೇಪು ಅಂಟಿಸುತ್ತ, ಇನ್ನೊಂದು ಕ್ಯಾಮೆರಾ ತರುತ್ತ ಬಂದಿದ್ದರು.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಗೆರೆಗೆರೆಯ ಚೌಕುಳಿ ಕಾಗದವೊಂದನ್ನು ತೋರಿಸಿದರು. ಗೆರೆ ನೇರವಾಗಿವೆಯೇ ಎಂದು ಕೇಳಿದರು.

"ಮಧ್ಯ ಹರಿದೈತೆ ಸಾರ್, ಬೇರೆ ಕಾಗದ ಕೊಡಿ," ಎಂದರು ಮುನಿರಾಜು.

ಬೇರೆ ಕಾಗದ ಇರಲಿಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಕಲೆಗಟ್ಟಿದೆ, ಶುರುವಿನಲ್ಲೇ ಬಂದಿದ್ದರೆ ಇಂಜೆಕ್ಷನ್‌ನಿಂದ ತಡೆಯಬಹುದಿತ್ತು, ಈಗ ಬಲಗಣ್ಣಿಗೆ ಏನೂ ಮಾಡುವಂತಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಎಡಗಣ್ಣಿನಲ್ಲೂ ಶುರುವಾಗಿತ್ತು. ಅದಕ್ಕೆ ಇಂಜೆಕ್ಷನ್ ಕೊಟ್ಟರು. ಒಂದಷ್ಟು ತಿಂಗಳು ತಡೆಯಿತು, ಆಮೇಲೆ ಆ ಕಣ್ಣೂ ಮದ್ದಿನ ಮಾತು ಕೇಳಲಿಲ್ಲ.

ಆ ತಿಂಗಳುಗಳಲ್ಲಿ ಜ್ಯೋತಿಲಕ್ಷ್ಮಿಯೇ ಕರೆದರು. "ಎಡಗಣ್ಣಲ್ಲಿ ತೆಗೀರಿ. ಹೆಂಗ್ ಬಂದ್ರೂ ಸರಿ." ಮುನಿರಾಜು ಒಂದು ರೀಲು ಪೂರ್ತಿ ತೆಗೆದರು. ತೊಳೆಸಿ ತಂದಾಗ ಪ್ರತಿ ಚಿತ್ರದಲ್ಲೂ ಹಿಂದಿನ ಗೋಡೆಯ ಇಟ್ಟಿಗೆ ಸ್ಪಷ್ಟವಾಗಿತ್ತು, ಮುಂದೆ ಕೂತವರ ಮುಖ ಕದಡಿತ್ತು. ಹೇಗೆ ಬಂದಿದೆ ಎಂದು ಮುನಿರಾಜು ಕೇಳಿದರು. ಗಿರಿ ಚಿತ್ರಗಳನ್ನು ಲಕೋಟೆಗೆ ಸೇರಿಸುತ್ತಿದ್ದಾಗ ಜ್ಯೋತಿಲಕ್ಷ್ಮಿ, "ವಯಸ್ಸಾಗೈತೆ, ಅದೇ ಕಾಣ್ತದೆ," ಎಂದು ಹೇಳಿ ಲಕೋಟೆಯನ್ನು ಒಳಗೆ ತೆಗೆದುಕೊಂಡು ಹೋದರು. ನಡುಮನೆಯಲ್ಲಿ ಹಳೆಯ ಫೋಟೋದ ಪಕ್ಕದ ಮೊಳೆ ಖಾಲಿಯಾಗಿಯೇ ಉಳಿಯಿತು.

ಗಿರಿ ಈಗಲೂ ಮೇಲಿನ ಕೋಣೆಯಲ್ಲೇ ಇದ್ದಾನೆ. ಮುನಿರಾಜು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಟವೆಲ್ ಹಾಸಿ, ನಾಲ್ಕು ಕ್ಯಾಮೆರಾಗಳನ್ನೂ ಒಂದೊಂದಾಗಿ ಎತ್ತಿಕೊಂಡು, ಷಟರ್ ಜಾಮ್ ಆಗದಿರಲೆಂದು ಫಿಲ್ಮಿಲ್ಲದೆ ಒತ್ತಿ ಒತ್ತಿ ಬಿಡುತ್ತಾರೆ. ಆಮೇಲೆ ಒರೆಸಿ ಬೀರುವಿನಲ್ಲಿ ಇಡುತ್ತಾರೆ.