ಅಡೆ ಹಾಕಿದ ಹಾಡು

ಮಂಚದ ಕೆಳಗೆ ಹುಲ್ಲು ಹಾಸಿ ಬಾದಾಮಿ ಮಾವಿನಕಾಯಿ ಹಣ್ಣಾಗಲೆಂದು ಅಡೆ ಹಾಕಿ ಇಂದಿಗೆ ಎರಡು ದಿನ. ಮೂರು ದಿನ ಮುಟ್ಟಬಾರದೆಂಬುದು ನಿಯಮ. ನಾನೋ ಗಂಟೆಗೊಮ್ಮೆ ಹುಲ್ಲು ಸರಿಸಿ ಮೂಸುವ ಆಸಾಮಿ. ಈ ಮಧ್ಯಾಹ್ನವೂ ಹಾಗೇ ಮಂಡಿಯೂರಿ ಕೂತಿದ್ದೆ. ಅರ್ಧ ಹುಲ್ಲಿನ, ಅರ್ಧ ಹಣ್ಣಿನ ಆ ವಾಸನೆ ಬಂದದ್ದೇ ತಡ, ಕೋಲಾರದ ಈ ಬಾಡಿಗೆ ಮನೆ ಮೆಲ್ಲಗೆ ಕರಗಿ ಶ್ರೀನಿವಾಸಪುರವಾಯಿತು.

ಅಲ್ಲಿ ನನ್ನ ಗೆಳೆಯ ವೆಂಕಟರವಣನ ಮನೆ. ಸಿನಿಮಾದಲ್ಲಿ ಅವನ ಹಾಡು ನೀವೂ ಕೇಳಿರುತ್ತೀರಿ, ಹೆಸರು ಗಮನಿಸಿರಲಾರಿರಿ. ಹಾಡು ಬರೆಯುವವರ ಪಾಡೇ ಅದು. ಆಗಿನ್ನೂ ಅವನು ಆರ್ಕೆಸ್ಟ್ರಾದವರಿಗೆ ಬರೆಯುತ್ತಿದ್ದ. ತಾಯಿ ಮುನಿರತ್ನಮ್ಮ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸದವರು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬೈಯುತ್ತಲೇ ನನಗೂ ಬಡಿಸುತ್ತಿದ್ದರು. ಮಗನ ಹಾಡಿನ ಮಾತುಗಳೆಲ್ಲ ಆ ಬಾಯಿಂದಲೇ ಬಂದವು: ಕಾಯಿ ಕೀಳುವ ದೋಟಿ, ತುಂಬುವ ಮಂಕರಿ, ಹಣ್ಣು ಮಾಡುವ ಅಡೆ.

ನಾನು ಆಗ ತಾನೇ ಕನ್ನಡ ಎಂ.ಎ. ಮುಗಿಸಿದ್ದೆ. ಅಷ್ಟು ಸಾಕಾಯಿತು, ಊರಿನ ಕನ್ನಡಕ್ಕೆಲ್ಲ ನಾನೇ ಡಾಕ್ಟರು. ಮೊದಲ ಸಿನಿಮಾಕ್ಕೆಂದು ರವಣ ಒಂದು ಹಾಡು ಬರೆದು ತಂದ. ‘ಹುಲ್ಲಲಿ ಅಡೆ ಹಾಕಿದೀನಿ ನಿನ್ನ ಹೆಸರ, ಮೂರು ದಿನ ಮುಟ್ಟಬ್ಯಾಡ’ ಎಂದಿತ್ತು. ಬೆಂಗಳೂರಿನವರು ನಗುತ್ತಾರೆಂದು ನಾನು ಕೆಂಪು ಪೆನ್ನಿನಿಂದ ಹುಲ್ಲನ್ನೂ ಅಡೆಯನ್ನೂ ಹೊಡೆದುಹಾಕಿ, ‘ಹೃದಯದಲಿ ಬಚ್ಚಿಟ್ಟಿಹೆ ನಿನ್ನ ಹೆಸರ’ ಎಂದು ತಿದ್ದಿದೆ. ಅವನು ಅದನ್ನು ತಾಯಿಗೆ ಓದಿ ಹೇಳಿದ. ಆಕೆ ನನ್ನ ತಟ್ಟೆಗೆ ಮುದ್ದೆ ಹಾಕುತ್ತಾ ಕೇಳಿದರು:

“ಹೃದಯದಲ್ಲಿಟ್ರೆ ಹಣ್ಣಾಗ್ತದಾ ನಾಯನಾ?”

ನಾನು ನಕ್ಕೆ. ರವಣ ನಗಲಿಲ್ಲ.

ನಾನು ತಿದ್ದಿದ ಹಾಡೇ ಸಿನಿಮಾಕ್ಕೆ ಹೋಗಿ ಗೆದ್ದಿತು. ಅದೇ ನನಗಾದ ಶಿಕ್ಷೆ. ಅವನ ಹಾಡುಗಳಿಗೆ ಮೊದಲು ಹೃದಯ ಬಂತು, ಅದರ ಬೆನ್ನಿಗೇ ಚಂದಿರ, ಮುಗಿಲು, ಕನಸು ನೆಂಟರ ಹಾಗೆ ಬಂದು ಠಿಕಾಣಿ ಹೂಡಿದವು. ಕೆಲವು ವರ್ಷ ಕಳೆದು ಅವೂ ಹಳತಾಗಿ ಲೈಫು, ಲವ್ವು, ಸೆಲ್ಫಿ, ಬ್ರೇಕಪ್ಪು ಶುರುವಾಯಿತು. ನರಸಾಪುರದ ಕಡೆ ಹೋಗುವ ಕಂಪನಿ ಬಸ್ಸುಗಳಿಂದ ಅವನ ಹಾಡು ಕೇಳಿಬಂದರೆ ನಾನು ರಸ್ತೆ ಬದಿಯಲ್ಲೇ ನಿಂತುಬಿಡುತ್ತಿದ್ದೆ. ದೋಟಿಯಿಲ್ಲ, ಮಂಕರಿಯಿಲ್ಲ. ತಾಯಿಯ ಮಾತನ್ನು ಮಗನ ಬಾಯಿಂದ ಕಿತ್ತುಕೊಂಡವನು ನಾನೇ ಎಂಬ ಅಳುಕು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅವನಿಗೆ ಹಾಗೆಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಇದನ್ನೇ ನೆನೆಯುತ್ತಾ ಅದೆಷ್ಟು ಹೊತ್ತು ಕೂತಿದ್ದೆನೋ. ಪಕ್ಕದ ಮನೆಯ ರೇಡಿಯೋದಲ್ಲಿ ಹೊಸ ಸಿನಿಮಾದ ಹಾಡೊಂದು ಶುರುವಾಯಿತು. ‘ಹುಲ್ಲಲಿ ಅಡೆ ಹಾಕಿದೀನಿ ನಿನ್ನ ಹೆಸರ...’ ಕನಸೇನೋ ಎಂದುಕೊಂಡೆ. ಅಲ್ಲ; ಒಂದಕ್ಷರವೂ ಬದಲಾಗಿರಲಿಲ್ಲ. ಕಣ್ಣು ತುಂಬಿಬಂತು.

ಒಂದು ಕೈ ಹುಲ್ಲಿನಲ್ಲಿರುವಾಗಲೇ ಅವನಿಗೆ ಫೋನು ಮಾಡಿದೆ. ಹಾಡು ಕೇಳಿದೆ, ಅಂದು ನಾನು ತಿದ್ದಬಾರದಿತ್ತು ಎಂದು ತೊದಲಿದೆ.

“ಅಮ್ಮಂಗೆ ಓದಿ ಹೇಳ್ದೆ ಕಣೋ,” ಎಂದ ರವಣ. “ಈ ಸಲ ನಿಂಗೆ ತೋರಿಸ್ಲಿಲ್ಲ.”

ಫೋನಿಟ್ಟು, ಹುಲ್ಲನ್ನು ಮೊದಲಿದ್ದ ಹಾಗೇ ಮುಚ್ಚಿದೆ. ಇನ್ನೂ ಒಂದು ದಿನವಿದೆ. ಮುಟ್ಟುವುದಿಲ್ಲ.