ಫಾರ್ವರ್ಡ್ ಆದ ಕಿಟಕಿ

ನನ್ನ ಹೆಬ್ಬೆರಳಿಗೆ ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳಲು ಬರುವುದಿಲ್ಲ. ಕೆಲವರಿಗೆ ಊರಿನ ಗುಟ್ಟು ಹೇಗೋ, ನನಗೆ ಅಂತರ್ಜಾಲದಲ್ಲಿ ಕಂಡ ಒಳ್ಳೆಯ ಸಂಗತಿ ಹಾಗೆ. ಕಂಡ ಕೂಡಲೇ ಯಾರಿಗಾದರೂ ದಾಟಿಸಲೇಬೇಕು. ದಾಟಿಸುವ ತನಕ ಮುಂದಿಟ್ಟ ಚಹಾ ರುಚಿಸುವುದಿಲ್ಲ. ದಾಟಿಸಿದ ಮೇಲೆ ಅವರು ನೋಡಿದರೋ ಇಲ್ಲವೋ ಎಂದು ಎರಡು ನೀಲಿ ಗೆರೆಗಳ ದಾರಿ ಕಾಯುತ್ತ ಕೂತು, ಅದೇ ಚಹಾ ಆರಿಹೋಗುತ್ತದೆ.

ನಾನು ಮುರಗೋಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೈಲಹೊಂಗಲದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ನಮ್ಮ ಕಡೆ ‘ಅಪ್-ಡೌನ್’ ಎನ್ನುತ್ತಾರೆ. ಒಂದೇ ಬಸ್ಸಿನಲ್ಲಿ ಅಪ್-ಡೌನ್ ಮಾಡುವ ನಾವೊಂದಿಷ್ಟು ಮಂದಿ ಸೇರಿ ವಾಟ್ಸಾಪಿನಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಬಸ್ಸು ಕೆಟ್ಟಿದೆಯೋ, ತಡವಾಗಿದೆಯೋ, ಯಾರು ಯಾರಿಗೆ ಸೀಟು ಹಿಡಿದಿದ್ದಾರೋ ತಿಳಿಯಲೆಂದು ಕಟ್ಟಿದ ಬಳಗ ಅದು. ಈಗ ಅದರ ತುಂಬ ಗುಲಾಬಿ ಹೂವಿನ ಶುಭೋದಯಗಳು, ಬೆಲ್ಲದ ನೀರಿನ ಮಹಿಮೆಗಳು. ಅವುಗಳ ನಡುವೆ ಭಾನುವಾರ ಮುಂಜಾನೆ ನನ್ನ ಸಂಚಿಕೆ ಬರುತ್ತದೆ: ಆ ವಾರ ನನಗೆ ಸಿಕ್ಕ ಒಂದು ಪುಸ್ತಕದ ಸಂಗತಿ, ಒಂದು ಸಿನಿಮಾದ್ದು, ಒಂದು ಯಂತ್ರದ್ದು, ಒಂದು ಕಟ್ಟಡದ್ದು. ನನಗೆ ಅಭಿರುಚಿ ಇದೆ. ಇದನ್ನು ವಿನಯದಿಂದ ಹೇಳುವ ದಾರಿ ಯಾವುದಾದರೂ ಇದ್ದರೆ ನೀವೇ ತಿಳಿಸಿ, ನನಗಂತೂ ಇಷ್ಟು ವರ್ಷ ಹೊಳೆದಿಲ್ಲ.

ನಾನು ಕಳಿಸುವುದು ಸಾಮಾನ್ಯ ಸರಕಲ್ಲ. ಯಾವುದೋ ದೇಶದ ಮುದುಕನೊಬ್ಬ ಹರಿದ ಪುಸ್ತಕಕ್ಕೆ ಹೊಸ ಬೆನ್ನು ಹೊಲಿಯುವ ವಿಡಿಯೋ ಇದೆ. ಒಂದು ತಾಸು ಅವನು ತುಟಿ ಬಿಚ್ಚುವುದಿಲ್ಲ, ನಾನೂ ಕಣ್ಣು ಮಿಟುಕಿಸಲಿಲ್ಲ. ಸಿನಿಮಾದಲ್ಲಿ ನಾವು ಕೇಳುವ ಮಳೆ ಎಷ್ಟೋ ಸಲ ಮಳೆಯೇ ಅಲ್ಲವಂತೆ, ಬಾಣಲೆಯಲ್ಲಿ ಏನನ್ನೋ ಕರಿಯುವ ಸದ್ದಂತೆ. ಅದನ್ನು ತಿಳಿದ ದಿನದಿಂದ ನಾನು ಬಜ್ಜಿ ಕರಿಯುವಾಗೆಲ್ಲ ನಾಯಕ ನಾಯಕಿಯರು ಯಾವುದೋ ಮರದ ಕೆಳಗೆ ನಿಂತಂತೆ ಅನಿಸುತ್ತದೆ. ಇನ್ನು ಗಿಡಗಳ ಹೆಸರು ಹೇಳುವ ಆ್ಯಪು. ಅದನ್ನು ಬಳಗಕ್ಕೆ ಕಳಿಸುವ ಮೊದಲು ಹಿತ್ತಲಿನ ಪುಂಡಿ ಪಲ್ಯಕ್ಕೆ ಹಿಡಿದು ನೋಡಿದೆ. ಅದು ಎರಡು ಸಾಲಿನಲ್ಲೂ ಹಿಡಿಯದಷ್ಟು ಉದ್ದದ ಹೆಸರು ಹೇಳಿತು. ಆ ಹೆಸರಿನ ಪಲ್ಯವನ್ನು ರೊಟ್ಟಿಗೆ ಹಚ್ಚಿ ತಿನ್ನುವ ಧೈರ್ಯ ನನಗೆ ಎರಡು ದಿನ ಬರಲಿಲ್ಲ.

ಆದರೆ ಮನಸ್ಸು ನಿಜವಾಗಿ ನಿಲ್ಲುತ್ತಿದ್ದದ್ದು ಕಟ್ಟಡಗಳ ಹತ್ತಿರ. ಅದಕ್ಕೆ ಕಿತ್ತೂರು ಕಾರಣವಿರಬಹುದು. ಅಲ್ಲಿ ಕೆಲಸದಲ್ಲಿದ್ದಾಗ ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತಿದ್ದೆ. ಬಿದ್ದ ಅರಮನೆಯಲ್ಲಿ ಧ್ರುವನಕ್ಷತ್ರ ನೋಡಲೆಂದೇ ಗೋಡೆಯಲ್ಲಿ ಇಟ್ಟ ಒಂದು ಕಿಂಡಿಯನ್ನು ತೋರಿಸುತ್ತಾರೆ. ಇಡೀ ಆಕಾಶವೇ ತಲೆಯ ಮೇಲೆ ಬಿಟ್ಟಿ ಸಿಗುವಾಗ, ಒಂದೇ ಒಂದು ಚುಕ್ಕೆಗಾಗಿ ಕಲ್ಲು ಕೊರೆಸಿದವರ ಶೋಕಿ ಎಂಥದ್ದು ನೋಡಿ! ನನಗೆ ಅವರು ಒಮ್ಮೆಲೇ ನಮ್ಮವರು ಅನಿಸಿಬಿಟ್ಟರು. ಅಂತರ್ಜಾಲದ ರಾಶಿಯಲ್ಲಿ ನಾನು ಮಾಡುವ ಕೆಲಸವೂ ಅದೇ ಅಲ್ಲವೇ? ಕಿಂಡಿ ಕೊರೆದು, ಇಷ್ಟೇ ನೋಡಿ, ಇದನ್ನೇ ನೋಡಿ ಎನ್ನುವುದು.

ನೋಡುವವರು ಬೇಕಲ್ಲ. ನಮ್ಮ ಕಡೆಯ ಮಂದಿಗೆ ಕೊಟ್ಟದ್ದನ್ನು ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ. ನಾಲ್ಕು ಮನೆಯಲ್ಲಿ ಚಹಾ ಕುಡಿದು ಐದನೆಯ ಮನೆಗೆ ಹೋದರೂ ಕಪ್ಪು ಹಿಡಿಯಲೇಬೇಕು, ಬೇಡ ಎಂದರೆ ಆ ಮನೆಯವರಿಗೆ ಅವಮಾನ. ಬಳಗದವರು ನನ್ನ ಸಂಚಿಕೆಯನ್ನೂ ಹಾಗೆಯೇ ಸ್ವೀಕರಿಸುತ್ತಿದ್ದರು. ತೆರೆಯದೆ, ನೋಡದೆ, ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ಒಂದು ಸಲ ಕೊಂಡಿಯನ್ನೇ ಅಂಟಿಸಲು ಮರೆತು ‘ತಪ್ಪದೆ ನೋಡಿ’ ಎಂದಷ್ಟೇ ಬರೆದಿದ್ದೆ. ಆರು ಜನ ‘ಭಾಳ ಛಲೋ ಐತ್ರಿ’ ಎಂದರು.

ನಿಜವಾಗಿ ತೆರೆದು ನೋಡುತ್ತಿದ್ದವಳು ಮುಮ್ತಾಜ್ ಒಬ್ಬಳೇ. ಮುರಗೋಡದಲ್ಲಿ ಅವಳದ್ದೊಂದು ಹೊಲಿಗೆ ಅಂಗಡಿ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವಳದ್ದೇ. ಬೈಲಹೊಂಗಲದಲ್ಲಿ ಗಂಡ ದಸ್ತಗೀರ ಮತ್ತು ಅತ್ತೆ ಹುಸೇನಬಿಯವರ ಜೊತೆ ಬಾಡಿಗೆಗೆ ಇದ್ದಳು. ದಸ್ತಗೀರ ಸರಕಿನ ಗಾಡಿ ಓಡಿಸುತ್ತಾನೆ. ಹೋದ ವರ್ಷ ಅವರು ಸಂಪಗಾಂವದ ತಮ್ಮ ಜಾಗದಲ್ಲಿ ಮನೆ ಕಟ್ಟಿಸಲು ಹಿಡಿದರು. ಇದು ತಿಳಿದದ್ದೇ ನನ್ನ ಹೆಬ್ಬೆರಳಿಗೆ ರೆಕ್ಕೆ ಬಂತು. ಅಡುಗೆಮನೆಗೂ ನಡುಮನೆಗೂ ನಡುವೆ ಗೋಡೆಯೇ ಇಲ್ಲದ ಮನೆ ಕಳಿಸಿದೆ. ಗೋಡೆಯಿಂದ ಹಲಗೆಗಳಷ್ಟೇ ಹೊರಗೆ ಚಾಚಿದ, ಕಟಕಟೆ ಇಲ್ಲದ ಮೆಟ್ಟಿಲು ಕಳಿಸಿದೆ. ಗೋಡೆಯಲ್ಲಿ ಒಂದು ದೊಡ್ಡ ಗುಂಡನೆಯ ಕಿಟಕಿ, ಅದರ ಒಳಗೇ ಒಬ್ಬರು ಕಾಲು ಮಡಚಿ ಕೂತು ಓದುವಷ್ಟು ಜಾಗ, ಹೊರಗೆ ಹೊಲ. ಅದನ್ನೂ ಕಳಿಸಿದೆ. ಮುಮ್ತಾಜ್ ಎಲ್ಲಕ್ಕೂ ‘ಮಸ್ತ್ ಐತ್ರಿ ಅಕ್ಕೋರ’ ಎನ್ನುತ್ತಿದ್ದಳು. ಟೀಚರಿಗೆ ನಮ್ಮಲ್ಲಿ ಅಕ್ಕೋರು ಎನ್ನುವುದು ರೂಢಿ.

ಒಂದು ಶನಿವಾರ ಸಂಜೆ ದಸ್ತಗೀರನ ಫೋನು ಬಂತು. ಯಾವತ್ತೂ ಮಾಡದವನು.

“ಅಕ್ಕೋರ, ನಾಳೆ ಒಂದೀಟು ಸಂಪಗಾಂವಕ್ಕ ಬಂದ ಹೋಗ್ರಿ. ಕೆಲಸ ನಿಂತೈತಿ. ಈ ಮನ್ಯಾಗ ಕಾಲಿಡೂದಿಲ್ಲ ಅಂತ ನಮ್ಮವ್ವ ಹಟಾ ಹಿಡದ ಕುಂತಾಳ.”

ಹೋಗಿ ನೋಡಿದೆ. ಇನ್ನೂ ಗಿಲಾವು ಮೆತ್ತದ ಇಟ್ಟಿಗೆ ಗೋಡೆಗಳ ನಡುವೆ ನಿಂತಾಗ, ಈ ಮನೆಯನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲಿ ಅಂದರೆ ನನ್ನ ಫೋನಿನಲ್ಲಿ. ನಾನು ಕಳಿಸಿದ್ದರಲ್ಲಿ ಒಂದನ್ನೂ ಮುಮ್ತಾಜ್ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತರೆ ಒಲೆಯ ಕಟ್ಟೆ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಗೋಡೆಯಿಂದ ಕಲ್ಲಿನ ಹಾಸುಗಳು ಒಂದರ ಮೇಲೊಂದು ಚಾಚಿಕೊಂಡು ಮಾಳಿಗೆಗೆ ಹೋಗುತ್ತಿದ್ದವು. ಹೊಲದ ಕಡೆಯ ಗೋಡೆಯಲ್ಲಿ, ಇಟ್ಟಿಗೆಯನ್ನು ಕಮಾನು ತಿರುಗಿಸಿ ತಿರುಗಿಸಿ, ಗೌಂಡಿ ಒಂದು ಗುಂಡನೆಯ ಕಿಟಕಿ ಕಟ್ಟಿದ್ದ. ಕೊಟ್ಟದ್ದನ್ನು ಒಲ್ಲೆ ಎನ್ನಬಾರದು ಎನ್ನುವ ನಮ್ಮ ರೀತಿಗೆ ಯಾರಾದರೂ ಸ್ಮಾರಕ ಕಟ್ಟುವುದಿದ್ದರೆ ಹೀಗೇ ಕಟ್ಟಬೇಕು.

ಹುಸೇನಬಿಯವರು ಹೊರಗೆ ಮರಳಿನ ರಾಶಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ನನ್ನನ್ನು ಕಂಡು ತಿರುಗಿದರು.

“ಅಡಗಿಮನಿಗೆ ಗ್ವಾಡಿ ಇಲ್ಲಂದ್ರ ಹೆಂಗ್ರಿ ಅಕ್ಕೋರ? ಯಾರರ ಬಂದ್ರ ನಾ ಸೆರಗ ಸರಿ ಮಾಡ್ಕೋಬೇಕೋ, ರೊಟ್ಟಿ ತಿರುವಿ ಹಾಕಬೇಕೋ? ಇನ್ನ ಆ ಪಾವಟಗಿ. ಹಿಡ್ಕೊಳ್ಳಾಕ ಏನೂ ಇಲ್ಲ. ನಾ ಮ್ಯಾಲ ಹತ್ತಿದ್ರ ಇಳಿಯೂದು ನಾಕ ಮಂದಿ ಹೆಗಲ ಮ್ಯಾಲನ.”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಂಥವಳಿಗೂ ಆಗಲಿಲ್ಲ. ಮುಮ್ತಾಜ್ ತಲೆ ತಗ್ಗಿಸಿ ನಿಂತಿದ್ದಳು. ಅತ್ತೆ ಸೊಸೆ ಮಾತು ಬಿಟ್ಟು ನಾಲ್ಕು ದಿನ ಆಗಿತ್ತಂತೆ. ಇಷ್ಟು ವರ್ಷ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ನನ್ನ ಅಭಿರುಚಿ ಆ ಮನೆಗೆ ಗೋಡೆ ಇಲ್ಲದ ಅಡುಗೆಮನೆ ಕೊಟ್ಟು, ಅವರಿಬ್ಬರ ನಡುವೆ ಗೋಡೆ ಎಬ್ಬಿಸಿಬಿಟ್ಟಿತ್ತು.

“ಮುಮ್ತಾಜ್, ನೀ ನೋಡ್ಲಿ ಅಂತ ನಾ ಕಳಿಸಿದ್ದವಾ. ಕಟ್ಟಸು ಅಂತ ಕಳಿಸಿದ್ದಲ್ಲ,” ಎಂದೆ.

ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಟೀಚರಾದವಳಿಗೆ ತೀರ್ಪು ಕೊಡುವುದು ಹೊಸದಲ್ಲ, ಹೆದರಿಕೆಯೂ ಇಲ್ಲ. ಅಡುಗೆಮನೆಗೆ ಗೋಡೆ ಏಳಲಿ, ಮೆಟ್ಟಿಲಿಗೆ ಗಟ್ಟಿ ಕಟಕಟೆ ಬರಲಿ, ಹುಸೇನಬಿಯವರು ಎಲ್ಲಿ ಕೈ ಇಡುತ್ತಾರೋ ಅಷ್ಟೇ ಎತ್ತರಕ್ಕೆ ಎಂದು ಹೇಳಿದೆ. ದಸ್ತಗೀರ ಉಸಿರು ಬಿಟ್ಟ. ಹುರುಪಿನಲ್ಲಿ, “ಹಂಗಾದ್ರ ಈ ಗುಂಡ ಕಿಡಕಿನೂ ಮುಚ್ಚಿ ಬಿಡೂಣ್ರಿ. ಎಲ್ಲಾರ ಮನಿಯಂಗ ಚೌಕ ಇಡಸ್ತೇನಿ,” ಎಂದ.

ಹೂಂ ಎನ್ನಬೇಕಿತ್ತು. ಕಿಟಕಿಯ ಇಟ್ಟಿಗೆಯ ಮೇಲೆ ಕೈ ಇಟ್ಟು ನಿಂತುಬಿಟ್ಟೆ. ಬೇರೆಯವರ ಮನೆಯ ಒಂದು ಕಿಟಕಿಗಾಗಿ ಇಷ್ಟೇಕೆ ಸಂಕಟಪಡಬೇಕು ಎಂದು ನನಗೇ ನಾಚಿಕೆಯಾಯಿತು. “ಮುಚ್ರಿ,” ಎಂದೆ.

“ಅದನ್ನ ಮುಚ್ಚಾಕ ನಾ ಬಿಡೂದಿಲ್ಲ,” ಎಂದಳು ಮುಮ್ತಾಜ್. “ಉಳದದ್ದು ನೀವು ಒಂದೊಂದ ಸಲ ಕಳಿಸಿದ್ರಿ. ಒಲ್ಲೆ ಅನ್ನಾಕ ಬರಲಿಲ್ಲ, ಕಟ್ಟಸಿದೆ. ತಗಸಿದ್ರೂ ನನಗೇನಿಲ್ಲ. ಕಿಡಕಿ ಹಂಗಲ್ಲ. ಅದನ್ನ ನೀವು ಮತ್ತ ಮತ್ತ ಕಳಿಸ್ತಿದ್ರಿ. ಬಸ್ಸಿನ್ಯಾಗೂ ಅದನ್ನ ತಗದ ನೋಡ್ಕೋತ ಕುಂಡ್ರತಿದ್ರಿ, ನಿಮಗ ಗೊತ್ತಿಲ್ಲ, ನಾ ನೋಡೇನಿ. ಅದು ನಿಮಗ ಬೇಕಾಗಿತ್ರಿ. ನಿಮ್ಮದಂತ ಮನಿ ಇಲ್ಲ, ನೀವು ಕಟ್ಟಸೂದೂ ಇಲ್ಲ. ಇಲ್ಲೆರ ಇರಲಿ, ಬಂದಾಗ ಕುಂಡ್ರತಾರ ಅಂದೆ.”

ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲ. ವರ್ಗವಾದಲ್ಲೆಲ್ಲ ನಾನು ಬಾಡಿಗೆಯ ಎರಡು ಕೋಣೆ ಹುಡುಕಿ, ಗೋಡೆಗೆ ಮೊಳೆ ಹೊಡೆಯಲಿಕ್ಕೂ ಮಾಲೀಕರನ್ನು ಕೇಳಿ ಬದುಕಿದವಳು. ಒಬ್ಬಳಿಗೆ ಮನೆ ಯಾಕೆ ಎಂದು ಎಲ್ಲರೂ ಅನ್ನುತ್ತಿದ್ದರು, ಎಲ್ಲರಿಗಿಂತ ಮೊದಲು ನಾನೇ ಅಂದುಕೊಂಡಿದ್ದೆ. ಅಭಿರುಚಿ ಎಂದು ಎದೆ ಉಬ್ಬಿಸಿ ಹಂಚಿದ್ದರಲ್ಲಿ ಅರ್ಧದಷ್ಟು ಬರೀ ಆಸೆ ಇತ್ತು. ಅದು ನನಗೇ ಗೊತ್ತಿರಲಿಲ್ಲ, ಪಕ್ಕದ ಸೀಟಿನವಳಿಗೆ ಗೊತ್ತಿತ್ತು. ಅಲ್ಲೇ, ಗೌಂಡಿಯ ಎದುರಿಗೇ, ನನಗೆ ಅಳು ಬಂತು. ಅಳುವಷ್ಟು ಸುಖವಾಗಿತ್ತು ಎಂದರೆ ಸರಿಯಾದೀತು. ಗೌಂಡಿ ಪಾಪ, ತನ್ನ ಕೆಲಸದಲ್ಲೇ ಏನೋ ಕುಂದು ಎಂದುಕೊಂಡು ಓಳಂಬದ ದಾರ ಇಳಿಬಿಟ್ಟು ಇಟ್ಟಿಗೆ ನೆಟ್ಟಗಿದೆಯೇ ಎಂದು ನೋಡತೊಡಗಿದ.

ಕಿಟಕಿ ಉಳಿಯಿತು. ಅಡುಗೆಮನೆಗೆ ಗೋಡೆ ಬಂತು, ಮೆಟ್ಟಿಲಿಗೆ ಕಟಕಟೆಯೂ ಬಂತು. ಹುಸೇನಬಿಯವರು ಬಲಗಾಲಿಟ್ಟು ಒಳಗೆ ಹೋಗಿ, ಸೊಸೆಯ ಕೈಯಿಂದ ನೀರು ಇಸಿದುಕೊಂಡು ಕುಡಿದರು. ನಾನು ಈಗಲೂ ಭಾನುವಾರದ ಸಂಚಿಕೆ ಕಳಿಸುತ್ತೇನೆ, ಬಿಟ್ಟಿಲ್ಲ, ಬಿಡುವವಳೂ ಅಲ್ಲ. ಕಟ್ಟಡಗಳನ್ನು ಮಾತ್ರ, ಮನೆ ಕಟ್ಟಿ ಮುಗಿಸಿದವರಿಗಷ್ಟೇ ಕಳಿಸುತ್ತೇನೆ.

ಮೊನ್ನೆ ಒಂದು ಪುಸ್ತಕ ಹಿಡಿದುಕೊಂಡು ಸಂಪಗಾಂವಕ್ಕೆ ಹೋದೆ. ಕಿಟಕಿಯಲ್ಲಿ ಹುಸೇನಬಿಯವರು ಕಾಲು ಮಡಚಿ ಕೂತು ಮೆಂತೆ ಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಹೊಲದ ಗಾಳಿಗೆ ಅವರ ಸೆರಗು ಹಾರುತ್ತಿತ್ತು, ಸರಿ ಮಾಡಿಕೊಳ್ಳುವ ಅವಸರವೇನೂ ಕಾಣಲಿಲ್ಲ.

“ಅಮ್ಮಾ, ಏಳ್ರಿ,” ಎಂದಳು ಮುಮ್ತಾಜ್. “ಅದು ಅಕ್ಕೋರ ಕಿಡಕಿ.”

“ಕಿಡಕಿ ಅವರದ ಇರಲೇಳ. ಗಾಳಿ ನನಗೂ ಬರತೈತಿ,” ಎಂದು ಹುಸೇನಬಿಯವರು ಅರ್ಧ ಸರಿದು ಜಾಗ ಮಾಡಿದರು. ನಾನು ಪಕ್ಕದಲ್ಲಿ ಕೂತು ಪುಸ್ತಕ ತೆರೆಯುವಷ್ಟರಲ್ಲಿ ಅರ್ಧ ಮೆಂತೆಯನ್ನೂ ನನ್ನ ಮಡಿಲಿಗೆ ತಳ್ಳಿದರು. ಒಲ್ಲೆ ಎನ್ನಲು ನನಗೂ ಬರಲಿಲ್ಲ.