ಒಂದು ಕೈಯಲ್ಲಿ ಹಿಡಿಯುವ ಆಂಪ್

ನಾನು ಮಂಗಳೂರಿನ ಬಲ್ಮಠದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಗಿಟಾರ್ ನುಡಿಸುತ್ತೇನೆ. ನಮ್ಮದು ನಾಲ್ವರ ಬ್ಯಾಂಡ್. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಹಾಡುತ್ತಾಳೆ. ಡ್ರಮ್ಸ್‌ಗೆ ಒಬ್ಬ, ಕೀಬೋರ್ಡಿಗೆ ಒಬ್ಬ, ಇಬ್ಬರೂ ಅಣ್ಣತಮ್ಮಂದಿರು. ಮದುವೆ, ಮದುವೆಯ ಮುನ್ನಾದಿನದ ರೋಸ್, ಬೆಳ್ಳಿಹಬ್ಬ, ಎಲ್ಲಿ ಕರೆದರೂ ಹೋಗುತ್ತೇವೆ. ಹೀಗೆ ಹದಿನಾರು ವರ್ಷ ನುಡಿಸಿದ ಮೇಲೂ ಗಿಟಾರಿನ ಸ್ವರ ಜೋರು ಮಾಡುವ ನನ್ನ ಆಂಪ್ಲಿಫೈಯರನ್ನು ನಾನು ಒಮ್ಮೆಯೂ ಎತ್ತಿರಲಿಲ್ಲ. ಅದನ್ನು ಹೊರುತ್ತಿದ್ದವನು ನನ್ನ ಗಂಡ.

ಅದು ನನ್ನ ಅಣ್ಣ ಕುವೈತಿನ ಕೆಲಸ ಬಿಟ್ಟು ಬರುವಾಗ ಕಂಬಳಿಗಳ ನಡುವೆ ಸುತ್ತಿ ಕಳಿಸಿಕೊಟ್ಟದ್ದು. ಎರಡು ಸ್ಪೀಕರು, ಒಳಗೆ ಬಲ್ಬಿನ ಹಾಗೆ ಉರಿಯುವ ವಾಲ್ವುಗಳು. ಸಣ್ಣದಾಗಿ ಇಟ್ಟರೆ ಅದರ ಸ್ವರಕ್ಕೆ ಜೀವವೇ ಇರಲಿಲ್ಲ. ಜೋರು ಮಾಡಿದಾಗ ಮಾತ್ರ ತಂತಿಯ ನಾದ ಮೈತುಂಬಿಕೊಂಡು ಹೊರಗೆ ಬರುತ್ತಿತ್ತು. ತೂಕವೋ, ಒಂದು ಅಕ್ಕಿ ಮೂಟೆಯಷ್ಟು. ಕೊಡಿಯಾಲ್‌ಬೈಲಿನ ನಮ್ಮ ಹಳೆಯ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮನೆ ಎರಡನೇ ಮಹಡಿಯಲ್ಲಿ. ಪ್ರತಿ ಕಾರ್ಯಕ್ರಮಕ್ಕೂ ಅವನು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಇಳಿಸುತ್ತಿದ್ದ, ಮದುವೆ ಹಾಲಿನ ವೇದಿಕೆಗೆ ಏರಿಸುತ್ತಿದ್ದ, ಯಾರಾದರೂ ವಯರು ತುಳಿದಾರೆಂದು ಕೊನೆಯವರೆಗೂ ಅದರ ಹಿಂದೆಯೇ ಸ್ಟೂಲು ಹಾಕಿ ಕೂರುತ್ತಿದ್ದ.

ಅವನ ಮನೆಮಾತು ತುಳು, ನನ್ನದು ಕೊಂಕಣಿ. ಕಾಲೇಜಿನಲ್ಲಿ ಪರಿಚಯವಾದದ್ದು ಕನ್ನಡದಲ್ಲಿ. ಇವತ್ತಿಗೂ ನಮ್ಮ ಪ್ರೀತಿ, ಜಗಳ ಎರಡೂ ಕನ್ನಡದಲ್ಲೇ.

ಕಳೆದ ವರ್ಷ ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, "ಆರು ವಾರ ತುಂಬಿದ ಕೊಡಪಾನವನ್ನೂ ಎತ್ತಬಾರದು. ಆಮೇಲೂ ದೊಡ್ಡ ಭಾರದ ಸುದ್ದಿಗೆ ಹೋಗಬೇಡಿ" ಎಂದರು. ಅವನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ನಾನು ಬ್ಯಾಂಡಿನವರಿಗೆ ಫೋನ್ ಮಾಡಿ, ಸದ್ಯಕ್ಕೆ ನನ್ನನ್ನು ಬಿಟ್ಟುಬಿಡಿ ಎಂದು ಹೇಳಿದೆ.

ಮೂರನೇ ವಾರ ಒಂದು ಸಂಜೆ ಶಾಲೆಯಿಂದ ಬಂದು ಬಾಗಿಲು ತೆರೆದರೆ ಬಾಗಿಲ ಪಕ್ಕದಲ್ಲೇ ಆಂಪ್ ನಿಂತಿದೆ. ಬೆಳಿಗ್ಗೆ ಅದು ಮಲಗುವ ಕೋಣೆಯಲ್ಲಿತ್ತು. ಅವನು ಸೋಫಾದಲ್ಲಿ ಕೂತಿದ್ದ, ಮುಖ ಬಿಳಿಚಿತ್ತು.

"ಇದು ಎಂತ ಮಾರಾಯ? ಯಾರು ತಂದದ್ದು?"

"ಎತ್ತಲಿಲ್ಲ. ಎಳೆದದ್ದು ಮಾತ್ರ. ಎಷ್ಟಾಗ್ತದೆ ನೋಡುವ ಅಂತ."

ನಾನು ಬ್ಯಾಗನ್ನು ಕೆಳಗಿಡದೆಯೇ ಅವನ ಅಂಗಿ ಎತ್ತಿ ಹೊಲಿಗೆಯ ಜಾಗ ನೋಡಿದೆ. ಏನೂ ಆಗಿರಲಿಲ್ಲ. ಆಮೇಲೆ ನಾನು ಬೈದ ಬೈಗುಳಕ್ಕೆ ಕನ್ನಡ ಸಾಲದೆ ಕೊಂಕಣಿಗೂ ಹೋದೆ. ಎಲ್ಲ ಕೇಳಿಸಿಕೊಂಡು ಅವನು ಮೆಲ್ಲಗೆ ಹೇಳಿದ, "ನೀನು ಗಿಟಾರ್ ಕವರಿನಿಂದ ತೆಗೆಯದೆ ಇಪ್ಪತ್ತು ದಿನ ಆಯ್ತು. ನನ್ನಿಂದಾಗಿ ನಿನ್ನದು ನಿಲ್ಲುವುದು ಬೇಡ ಅಂತ."

ಆ ಕ್ಷಣದಲ್ಲೇ ನಿರ್ಧಾರ ಮಾಡಿದೆ. ಬೆನ್ನಿಗೆ ಗಿಟಾರ್, ಒಂದು ಕೈಯಲ್ಲಿ ಆಂಪ್, ಇನ್ನೊಂದು ಕೈ ಮೆಟ್ಟಿಲಿನ ಕಂಬಿಗೆ. ಹಾಗೆ ನಾನೇ ಹೊತ್ತು ಹೋಗುವಂಥದ್ದು ಸಿಕ್ಕಿದರೆ ನುಡಿಸುತ್ತೇನೆ, ಇಲ್ಲದಿದ್ದರೆ ಇಲ್ಲ.

ಮೊದಲು ಕೀಬೋರ್ಡಿನವನು ಒಂದು ಉಪಾಯ ಹೇಳಿದ. "ಈಗ ಯಾರು ಆಂಪ್ ಹೊರ್ತಾರೆ ಅಕ್ಕ? ಇದನ್ನು ಕಾಲಿನ ಹತ್ತಿರ ಇಡಿ, ಸೀದಾ ಸೌಂಡಿನವರ ಮಿಕ್ಸರಿಗೆ ವಯರು ಕೊಡಿ, ಹಾಲಿನ ಸ್ಪೀಕರಿನಲ್ಲಿ ಬರ್ತದೆ" ಎಂದು ತನ್ನ ಹತ್ತಿರವಿದ್ದ ಪುಸ್ತಕದ ಗಾತ್ರದ ಒಂದು ಪೆಟ್ಟಿಗೆ ಕೊಟ್ಟ. ಯಾವ ಆಂಪಿನ ಸ್ವರ ಬೇಕಾದರೂ ಅದರೊಳಗೆ ಇತ್ತು. ಮನೆಯಲ್ಲಿ ಹೆಡ್‌ಫೋನು ಹಾಕಿ ಕೇಳಿದಾಗ ಬಹಳ ಸೊಗಸು ಅನಿಸಿತು. ಸ್ಲೇಟಿನಷ್ಟು ಹಗುರ. ನನ್ನ ಸಮಸ್ಯೆ ಮುಗಿಯಿತೆಂದೇ ತಿಳಿದು ಒಂದು ಬೆಳ್ಳಿಹಬ್ಬಕ್ಕೆ ಅದನ್ನೇ ತೆಗೆದುಕೊಂಡು ಹೋದೆ.

ಎರಡು ಹಾಡು ಸರಿಯಾಗಿಯೇ ಆಯಿತು. ಮೂರನೆಯದರ ನಡುವೆ ನುಡಿಸುವವರಿಗೇ ಕೇಳಲೆಂದು ನನ್ನ ಎದುರಿಗಿಟ್ಟಿದ್ದ ಮಾನಿಟರ್ ಸ್ಪೀಕರು ಸುಮ್ಮನಾಯಿತು. ನನ್ನ ಗಿಟಾರಿನ ಸ್ವರ ಹಾಲಿನ ಆಚೆ ತುದಿಯ ಗೋಡೆಗೆ ಬಡಿದು, ತಡವಾಗಿ, ಬೇರೆ ಯಾರೋ ನುಡಿಸಿದ ಹಾಗೆ ಬರತೊಡಗಿತು. ಬೆರಳು ಒಂದು ಕಡೆ, ತಾಳ ಒಂದು ಕಡೆ. ಹಾಡಿನ ಯಾವ ಜಾಗದಲ್ಲಿದ್ದೇನೆ ಎಂಬುದೇ ಮರೆತು ಕೈ ನಿಂತುಹೋಯಿತು. ಗೆಳತಿ ಅದನ್ನು ಗಮನಿಸಿ ಜನರಿಗೆ ಚಪ್ಪಾಳೆ ತಟ್ಟಲು ಹೇಳಿದಳು. ಬರೀ ಡ್ರಮ್ಸಿನ ಮೇಲೆ ಹಾಡು ದಾಟಿತು. ಯಾರಿಗೂ ಗೊತ್ತಾಗಲಿಲ್ಲ. ಆದರೆ ಹದಿನಾರು ವರ್ಷದಲ್ಲಿ ನಾನು ವೇದಿಕೆಯ ಮೇಲೆ ನುಡಿಸುತ್ತಾ ನಡುವೆ ನಿಲ್ಲಿಸಿಬಿಟ್ಟದ್ದು ಅದೇ ಮೊದಲು. ಕಾರ್ಯಕ್ರಮ ಮುಗಿದ ಮೇಲೆ ವಯರು ಸುತ್ತುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಸೌಂಡಿನ ಅಣ್ಣ ಹತ್ತಿರ ಬಂದರು. ಮಂಗಳೂರಿನ ಅರ್ಧ ಹಾಲುಗಳಲ್ಲಿ ನಮಗೆ ಮೈಕು ಇಡುವವರು ಅವರೇ.

"ಕನೆಕ್ಷನ್ ಲೂಸ್ ಆದದ್ದು ಟೀಚರ್, ತಪ್ಪು ನನ್ನದು" ಎಂದರು.

"ನಿಮ್ಮದೆಂತ ತಪ್ಪು? ಆ ದೊಡ್ಡದು ಇದ್ದಿದ್ದರೆ ಹೀಗಾಗ್ತಿರಲಿಲ್ಲ. ಹಾಲಿಡೀ ಕೇಳ್ತಿತ್ತು."

ಅವರು ನನ್ನ ಕೈಯಿಂದ ವಯರು ತೆಗೆದುಕೊಂಡು ಸುತ್ತತೊಡಗಿದರು. "ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ಆ ದೊಡ್ಡದನ್ನು ನಾನು ಇಷ್ಟು ವರ್ಷ ಮಿಕ್ಸರಿಗೆ ತೆಗೊಳ್ಳಲೇ ಇಲ್ಲ. ಅದೇ ಹಾಲಿಡೀ ತುಂಬ್ತಿತ್ತು. ಎದುರಿನ ಸಾಲಿನವರಿಗೆ ಹಾಡೇ ಕೇಳ್ತಿರಲಿಲ್ಲ."

"ಹೇಳಬಹುದಿತ್ತಲ್ಲ ಅಣ್ಣ!"

"ಹೇಗೆ ಹೇಳುವುದು? ನಿಮ್ಮ ಯಜಮಾನರು ಅಷ್ಟು ಕಷ್ಟಪಟ್ಟು ಹೊತ್ತು ತರ್ತಾರೆ." ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಬಿಡಿಸಿ ಹೇಳಿದರು. "ನೋಡಿ ಟೀಚರ್, ಹಾಲಿಗೆ ಕೇಳಿಸ್ಲಿಕ್ಕೆ ನಾನಿದ್ದೇನೆ. ಆಂಪ್ ಬೇಕಾದದ್ದು ನಿಮ್ಮ ಕಿವಿಗೆ. ಸಣ್ಣದೊಂದು ತೆಗೊಳ್ಳಿ, ನಿಮ್ಮ ಹಿಂದೆ ಕುರ್ಚಿಯ ಮೇಲೆ ಓರೆ ಮಾಡಿ ಇಡಿ, ಮುಖಕ್ಕೆ ಹೊಡೆಯುವ ಹಾಗೆ. ಅದರಿಂದ ಒಂದು ವಯರು ನನಗೆ ಕೊಡಿ. ನನ್ನ ಕಡೆ ಎಂತ ಹಾಳಾದರೂ ನಿಮಗೆ ನಿಮ್ಮ ಸ್ವರ ಇರ್ತದೆ. ನಿಮ್ಮ ಆಂಪ್ ಹಾಳಾದರೆ ಆ ಸಣ್ಣ ಪೆಟ್ಟಿಗೆ ಬ್ಯಾಗಿನಲ್ಲಿ ಉಂಟಲ್ಲ."

ಗಣಿತದ ಟೀಚರಾಗಿ ನಾನು ಇಷ್ಟು ವರ್ಷ ಲೆಕ್ಕವನ್ನೇ ತಪ್ಪು ಕಡೆಯಿಂದ ಮಾಡಿದ್ದೆ. ಎಷ್ಟು ಜೋರು ಬೇಕು ಎಂದು ಕೇಳಿಕೊಂಡಿದ್ದೆನೇ ಹೊರತು, ಯಾರಿಗೆ ಕೇಳಿಸಬೇಕು ಎಂದು ಯೋಚಿಸಿರಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಗಿಟಾರ್ ಬೆನ್ನಿಗೆ ಹಾಕಿಕೊಂಡು ಸಂಗೀತ ವಾದ್ಯಗಳ ಅಂಗಡಿಗೆ ಹೋದೆ. ಗಂಡನೂ ಬಂದ, ಆದರೆ ಏನನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆ. ಅಂಗಡಿಯವನು ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತೋರಿಸಿ ಯಾವುದು ಎಷ್ಟು ವಾಟ್ ಶಕ್ತಿಯದೆಂದು ಹೇಳಲು ಶುರು ಮಾಡಿದ. ನಾನು, "ಇದನ್ನು ಎತ್ತಿಕೊಂಡು ಸ್ವಲ್ಪ ನಿಮ್ಮ ಮೆಟ್ಟಿಲು ಹತ್ತಬಹುದಾ?" ಎಂದು ಕೇಳಿದೆ.

"ಎಲ್ಲಿಗೆ ಮೇಡಂ?"

"ಮೇಲಿನವರೆಗೆ. ವಾಪಸ್ ಬರ್ತೇನೆ."

ಮೊದಲನೆಯದರಲ್ಲಿ ಒಂದು ಮಹಡಿಗೇ ಏದುಸಿರು ಬಂತು. ಎರಡನೆಯದು ಹಗುರವಿತ್ತು, ಆದರೆ ಡ್ರಮ್ಸಿನ ಪಕ್ಕದಲ್ಲಿ ಅದರ ಸ್ವರ ಸೊಳ್ಳೆಯಷ್ಟೇ ಕೇಳೀತು ಅನಿಸಿತು. ಮೂರನೆಯದು ಕಪ್ಪು ಬಣ್ಣದ, ಒಂದೇ ಸ್ಪೀಕರಿನ, ವಾಲ್ವು ಇಲ್ಲದ ಸಾಧಾರಣ ಪೆಟ್ಟಿಗೆ. ಹಿಂದುಗಡೆ ಮಿಕ್ಸರಿಗೆ ವಯರು ಕೊಡಲು ಜಾಗವಿತ್ತು. ಎರಡು ಸಲ ಹತ್ತಿ ಇಳಿದೆ. ಕೈ ಸೋಲಲಿಲ್ಲ. ಕೂತು ನುಡಿಸಿದೆ. ಹಳೆಯದರ ಆ ತುಂಬಿದ ನಾದ ಇದರಲ್ಲಿ ಇರಲಿಲ್ಲ, ಸುಳ್ಳು ಹೇಳಲಾರೆ. ಆದರೆ ಪ್ರತಿ ತಂತಿಯೂ ಬಿಡಿಬಿಡಿಯಾಗಿ, ಶುದ್ಧವಾಗಿ ಕೇಳುತ್ತಿತ್ತು. ಗಂಡನ ಮುಖ ನೋಡಿದೆ. ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿ ನಿಂತಿದ್ದ ಅವನು, "ಇದು ಸಾಕಲ್ಲ ಮಾರಾಯ್ತಿ" ಎಂದ.

ಮೊದಲ ಪರೀಕ್ಷೆ ಬಿಕರ್ನಕಟ್ಟೆಯ ಹತ್ತಿರದ ಹಾಲೊಂದರಲ್ಲಿ, ಒಂದು ಮಧ್ಯಾಹ್ನದ ಮದುವೆ ಊಟಕ್ಕೆ. ನಾನೇ ಆಂಪ್ ಹಿಡಿದು ಮನೆಯ ಮೆಟ್ಟಿಲು ಇಳಿದೆ, ರಿಕ್ಷಾದಲ್ಲಿ ಕಾಲ ಬಳಿ ಇಟ್ಟುಕೊಂಡೆ, ಹಾಲಿನಲ್ಲಿ ಹಿಂದೆ ಕುರ್ಚಿಯ ಮೇಲೆ ಓರೆ ಮಾಡಿ ಇಟ್ಟೆ. ಸೌಂಡಿನ ಅಣ್ಣ ವಯರು ಸಿಕ್ಕಿಸಿ ಹೆಬ್ಬೆರಳು ತೋರಿಸಿದರು. ಗಂಡ ಎಂದಿನಂತೆ ವೇದಿಕೆಯ ಹಿಂದೆ ಸ್ಟೂಲು ಹುಡುಕುತ್ತಿದ್ದ. "ಕಾಯ್ಲಿಕ್ಕೆ ಎಂತ ಉಂಟು ಇಲ್ಲಿ? ಕೆಳಗೆ ಹೋಗಿ ಕೂತ್ಕೋ" ಎಂದು ಕಳಿಸಿದೆ.

ಮೊದಲ ಹಾಡಿನ ಅರ್ಧದಲ್ಲೇ ಗೆಳತಿ ತಿರುಗಿ ನನ್ನನ್ನು ನೋಡಿದಳು. ನಾನು ಹೆದರಿದೆ, ಏನೋ ತಪ್ಪಾಗಿರಬೇಕು ಎಂದು. ಹಾಡು ಮುಗಿದ ಕೂಡಲೇ ಹತ್ತಿರ ಬಂದು, "ಅಕ್ಕ, ನನಗೆ ನನ್ನ ಸ್ವರ ಕೇಳ್ತಾ ಉಂಟು! ಬೊಬ್ಬೆ ಹಾಕುವುದೇ ಬೇಡ" ಎಂದಳು. ಅವತ್ತು ಅವಳು ಎಷ್ಟು ಮೆಲ್ಲಗೆ, ಎಷ್ಟು ಚೆನ್ನಾಗಿ ಹಾಡಿದಳೆಂದರೆ ಊಟದ ತಟ್ಟೆ ಹಿಡಿದು ಓಡಾಡುತ್ತಿದ್ದವರೂ ನಿಂತು ಕೇಳಿದರು. ನನಗೂ ನನ್ನ ಗಿಟಾರ್ ಕಿವಿಯ ಪಕ್ಕದಲ್ಲೇ ಇತ್ತು. ಬೆಳ್ಳಿಹಬ್ಬದ ದಿನ ನಿಂತ ಕೈ ಅವತ್ತು ಒಂದು ಕಡೆಯೂ ತಡವರಿಸಲಿಲ್ಲ. ಎರಡನೇ ಹಾಡಿಗಾಗುವಾಗ ಹೆಗಲು ಸಡಿಲಾಗಿತ್ತು. ಎಷ್ಟು ಬಿಗಿ ಹಿಡಿದು ನಿಂತಿದ್ದೆನೆಂದು ಆಗಲೇ ಗೊತ್ತಾದದ್ದು.

ಊಟಕ್ಕೆ ಗಂಡನ ಪಕ್ಕದಲ್ಲಿ ಕೂತಾಗ, "ಹೇಗಾಯ್ತು?" ಎಂದು ಕೇಳಿದೆ.

ಅವನು ಇಡ್ಲಿಯಂಥ ಸಣ್ಣಾವನ್ನು ಸಾರಿಗೆ ಅದ್ದುತ್ತಾ, "ನೀನು ನುಡಿಸುವಾಗ ನಾಲಿಗೆ ಹೊರಗೆ ಹಾಕ್ತಿ" ಎಂದ.

"ಎಂತ?"

"ಹೌದು. ಕಷ್ಟದ ಜಾಗ ಬಂದಾಗ, ಸ್ವಲ್ಪವೇ. ನಾನು ಇವತ್ತೇ ನೋಡಿದ್ದು. ಇಷ್ಟು ವರ್ಷ ನಾನು ನಿನ್ನ ಬೆನ್ನು ಮಾತ್ರ ನೋಡಿದ್ದಲ್ಲವಾ."

ನನಗೆ ನಗು ಬಂತು. ಬಾಯಲ್ಲಿ ತುತ್ತಿತ್ತು, ಕೆಮ್ಮಿದೆ. ಅವನು ನೀರಿನ ಲೋಟ ನನ್ನ ಕಡೆ ಸರಿಸಿದ.

ದೊಡ್ಡ ಆಂಪನ್ನು ಸೌಂಡಿನ ಅಣ್ಣನ ಕಡೆಯ ಇಬ್ಬರು ಬಂದು ಇಳಿಸಿ, ಅವರ ಟೆಂಪೋದಲ್ಲಿ ನಾವು ಪ್ರಾಕ್ಟೀಸ್ ಮಾಡುವ ಕೋಣೆಗೆ ಸಾಗಿಸಿದರು. ಅದು ನೆಲಮಹಡಿಯಲ್ಲಿದೆ. ಜೋರಾಗಿ ನುಡಿಸಬೇಕು ಅನಿಸಿದ ದಿನ ಅಲ್ಲಿಗೆ ಹೋಗಿ ನುಡಿಸುತ್ತೇನೆ.

ಕೊನೆಯ ತಪಾಸಣೆಗೆ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಒತ್ತಿ ನೋಡಿ, ಕೆಮ್ಮಲು ಹೇಳಿ, ಮತ್ತೆ ಒತ್ತಿ ನೋಡಿ, "ಚೆಂದ ಗುಣ ಆಗಿದೆ. ಇನ್ನು ನನ್ನ ಹತ್ತಿರ ಬರುವುದು ಬೇಡ" ಎಂದರು. ಹೊರಗೆ ಬಂದಾಗ ಬಿಸಿಲು ಸುಡುತ್ತಿತ್ತು. ಎದುರಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಫ್ಯಾನಿನ ಕೆಳಗಿನ ಮೇಜು ಖಾಲಿ ಇತ್ತು. ಅವನು ತನ್ನದನ್ನು ಮುಗಿಸಿ ನನ್ನದರ ಅರ್ಧವನ್ನೂ ತಿಂದ. ನಾನು ಬಟ್ಟಲನ್ನು ಅವನ ಕಡೆಗೇ ಸರಿಸಿದೆ.